ಅಂಗೈಯಿಂದ ಕೇಳುತ್ತಿದ್ದವರು

ನಮ್ಮ ಮಾವನವರ ಬಲ ಅಂಗೈ ಯಾವಾಗಲೂ ಯಾವುದಾದರೊಂದು ಯಂತ್ರದ ಮೇಲಿರುತ್ತಿತ್ತು. ಅಗಲವಾದ ಅಂಗೈ, ಹೆಬ್ಬೆರಳಿನ ಬುಡದಲ್ಲಿ ಹಳೆಯ ಸುಟ್ಟ ಗಾಯದ ನುಣುಪಾದ ಕಲೆ. ನೀರು ಕುಡಿಯಲು ಅಡುಗೆಮನೆಗೆ ಬಂದರೆ ಆ ಕೈ ತಾನಾಗಿ ಫ್ರಿಜ್ಜಿನ ಪಕ್ಕೆಗೆ ಒರಗುತ್ತಿತ್ತು, ಗಬ್ಬದ ಹಸುವಿನ ಹೊಟ್ಟೆ ಮುಟ್ಟಿ ನೋಡುವವರ ಹಾಗೆ. ನಾನು ಇಡ್ಲಿಗೆ ಅರೆಯುತ್ತಿದ್ದರೆ ಗ್ರೈಂಡರಿನ ಮೇಲೆ. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಂತು, "ಬೆಲ್ಟ್ ಸಡಿಲ ಆಗ್ತಾ ಉಂಟು ಮಾರಾಯ್ತಿ" ಎನ್ನುವರು. ಕೆಲವೇ ದಿನಗಳಲ್ಲಿ ಬೆಲ್ಟು ಹೋಗುತ್ತಿತ್ತು.

ಅವರಿಗೆ ಕಿವಿ ಕೇಳುತ್ತಿರಲಿಲ್ಲ; ಕಿವಿಗೇ ಬಾಯಿಟ್ಟು ಕೂಗಿದರೆ ಅಷ್ಟಿಷ್ಟು. ದುಡಿಮೆಯ ವರ್ಷಗಳನ್ನೆಲ್ಲ ತಮಿಳುನಾಡಿನ ಎಣ್ಣೂರಿನ ಕಡೆ, ಕಲ್ಲಿದ್ದಲು ಸುಟ್ಟು ಕರೆಂಟ್ ತೆಗೆಯುವ ಒಂದು ಥರ್ಮಲ್ಲಿನಲ್ಲಿ ಎಂಜಿನಿಯರಾಗಿ ಕಳೆದವರು. ಟರ್ಬೈನ್ ಹಾಲಿನಲ್ಲಿ ಒಂದು ಮಾತು ಹೇಳಬೇಕಾದರೂ ಬಾಯಿಯನ್ನು ಇನ್ನೊಬ್ಬನ ಕಿವಿಗೆ ಅಂಟಿಸಬೇಕಿತ್ತಂತೆ. "ಕಿವಿ ಟರ್ಬೈನಿಗೆ ಕೊಟ್ಟಾಯ್ತು, ಕೈಯಾದ್ರೂ ನನ್ನ ಹತ್ರ ಇರ್ಲಿ" ಎಂದು ನಗುತ್ತಿದ್ದರು. ನಗು ಕೊನೆಗೆ ಕೆಮ್ಮಾಗುತ್ತಿತ್ತು.

ಮಂಗಳೂರಿನ ಕಾನ್ವೆಂಟಿನಲ್ಲಿ ಓದಿ, ಕೋಡಂಬಾಕ್ಕಂನ ಈ ಹಳೆಯ ಫ್ಲ್ಯಾಟಿಗೆ ಸೊಸೆಯಾಗಿ ಬಂದವಳು ನಾನು. ಡೈನಮೋದ ಚಿತ್ರ ಬರೆದು, ಬಾಣದ ಗುರುತು ಹಾಕಿ, ಸಿಸ್ಟರ್ ಕೈಯಲ್ಲಿ 'ನೀಟ್ ವರ್ಕ್' ಅನ್ನಿಸಿಕೊಂಡದ್ದು ಬಿಟ್ಟರೆ ಕರೆಂಟ್ ಎಂದರೆ ನನಗೆ ಗೋಡೆಯ ಸ್ವಿಚ್ಚು, ಅಷ್ಟೆ. ಅತ್ತೆ ಮೊದಲೇ ತೀರಿಕೊಂಡಿದ್ದರು. ಗಂಡ ಆಫೀಸಿಗೆ, ಮಗಳು ಸ್ಕೂಲಿಗೆ ಹೋದ ಮೇಲೆ ಮನೆಯಲ್ಲಿ ಉಳಿಯುತ್ತಿದ್ದದ್ದು ನಾವಿಬ್ಬರೇ. ನಾನು ಮೆಲ್ಲನೆ ಮಾತಾಡುವವಳು, ಅವರು ಕೇಳದವರು. ಹಾಗಾಗಿ ನಮ್ಮ ಸಂಸಾರ ಹೆಚ್ಚಾಗಿ ಕೈಸನ್ನೆಯಲ್ಲೇ ನಡೆಯಿತು.

ಕರೆಂಟ್ ಹೋದಾಗ ಫ್ಲ್ಯಾಟಿನವರೆಲ್ಲ ಬಾಲ್ಕನಿಗೆ ಬಂದು ಬೈಯುತ್ತಿದ್ದರು. ಮಾವ ಮಾತ್ರ ಬೈದದ್ದು ನಾನು ಕಾಣೆ. "ಬೈಬೇಡಿ. ಯಾರೋ ಒಬ್ಬ ಈಗ ಸರಿಮಾಡ್ಲಿಕ್ಕೆ ಓಡ್ತಾ ಇದ್ದಾನೆ" ಎನ್ನುತ್ತಿದ್ದರು. ಓಡುತ್ತಿರುವವನು ಅವರಿಗೆ ಕಣ್ಣೆದುರೇ ಇದ್ದಂತೆ ಕಾಣುತ್ತಿತ್ತು.

ಮಗಳಿಗೆ ಒಮ್ಮೆ ಸ್ಕೂಲಿನಲ್ಲಿ ಚಾರ್ಟ್ ಮಾಡಲು ಹೇಳಿದ್ದರು. ಮುಗಿದುಹೋಗುವ ಇಂಧನಗಳು ಒಂದು ಕಡೆ, ಮುಗಿಯದವು ಇನ್ನೊಂದು ಕಡೆ. ಅವಳು ಬಣ್ಣದ ಕಾಗದ ಕತ್ತರಿಸುತ್ತಿದ್ದಾಗ ಮಾವ ಬಂದು ನೋಡಿ, ಅವಳನ್ನು ಎಬ್ಬಿಸಿ ಅಡುಗೆಮನೆಗೆ ಕರೆತಂದರು. ಒಲೆಯ ಮೇಲೆ ಬೇಳೆಯ ಕುಕ್ಕರಿತ್ತು. ಕತ್ತರಿಸಿದ ಕಾಗದದಲ್ಲೇ ಒಂದು ಗಿರಿಗಿಟ್ಟಲೆ ಮಾಡಿ, ಊದುಬತ್ತಿ ಕಡ್ಡಿಗೆ ಸಿಕ್ಕಿಸಿ, ವಿಸಿಲ್ ಬರುವಾಗ ಹಬೆಯಿಂದ ತುಸು ದೂರದಲ್ಲಿ ಹಿಡಿದರು. ಅದು ಗಿರ್ರನೆ ತಿರುಗಿತು.

"ಕಲ್ಲಿದ್ದಲಾದ್ರೂ ಇದೇ, ಕಲ್ಪಾಕ್ಕಂನಲ್ಲಿ ಅಣು ಒಡೆದ್ರೂ ಇದೇ. ನೀರು ಕುದಿಸುದು, ಹಬೆಯಲ್ಲಿ ಚಕ್ರ ತಿರುಗಿಸುದು. ಚಕ್ರದ ಜೊತೆಗೆ ಒಂದು ದೊಡ್ಡ ಅಯಸ್ಕಾಂತ ತಿರುಗ್ತದೆ. ಅದರ ಸುತ್ತ ತಾಮ್ರದ ಸುರುಳಿ. ಅದರಲ್ಲಿ ಹುಟ್ಟುದು ಕರೆಂಟ್."

"ಅಪ್ಪೊ ಕಾತ್ತು?" ಹಾಗಾದರೆ ಗಾಳಿ ಎಂದು ಮಗಳು ಕೈಯಿಂದ ಫ್ಯಾನ್ ತೋರಿಸಿ ಕೇಳಿದಳು. ಅಜ್ಜ ಕನ್ನಡದಲ್ಲಿ ಹೇಳಿದ್ದಕ್ಕೆ ತಮಿಳಿನಲ್ಲಿ ಉತ್ತರಿಸುವುದು ಅವಳ ಅಭ್ಯಾಸ; ಅಜ್ಜನಿಗೆ ಎರಡೂ ಕೇಳದ್ದರಿಂದ ತಕರಾರಿರಲಿಲ್ಲ.

"ಗಾಳಿಗೆ ಒಲೆ ಬೇಡ. ಮೇಲಿಂದ ಬೀಳುವ ನೀರಿಗೂ ಬೇಡ. ಅವು ಸೀದಾ ಬಂದು ಚಕ್ರ ತಿರುಗಿಸ್ತವೆ. ನಮಗೆ ಮಾತ್ರ ಒಲೆ." ಒಲೆಯ ಉರಿ ತಗ್ಗಿಸಿ, "ಎಷ್ಟೋ ಕೋಟಿ ವರ್ಷದ ಹಿಂದಿನ ಕಾಡು ಅದು, ಕಲ್ಲಿದ್ದಲು. ನಾವು ಒಂದು ಶಿಫ್ಟಿನಲ್ಲಿ ಗುಡ್ಡೆಗಟ್ಟಲೆ ಸುಟ್ಟು, ಬೂದಿ ಮಾಡಿ, ಮನೆಗೆ ಬಂದು ಊಟ ಮಾಡ್ತಿದ್ದೆವು" ಎಂದರು.

"ಸೋಲಾರ್?" ಎಂದು ಅವಳು ಚಾರ್ಟಿನ ಸೂರ್ಯನ ಮೇಲೆ ಬೆರಳಿಟ್ಟಳು.

ಮಾವ ಅಂಗೈ ಮಗುಚಿ ನೋಡಿಕೊಂಡರು. "ಅದರಲ್ಲಿ ಎಂತದೂ ತಿರುಗುದಿಲ್ಲ ಮಗಾ. ಬಿಸಿಲು ಬಿದ್ದ ಕೂಡ್ಲೇ ಆ ಹಲಗೆಯೊಳಗೇ ಕರೆಂಟ್ ಹರೀತದೆ. ಓದಿದ್ದೇನೆ, ಸತ್ಯ. ಆದ್ರೆ ಕೈಗೆ ಸಿಕ್ಕುದಿಲ್ಲ."

ಆಮೇಲಿನ ವರ್ಷಗಳಲ್ಲಿ ಅವರ ಕೆಮ್ಮು ಏದುಸಿರಾಯಿತು. ಹೊಗೆಯೋ, ಸಿಗರೇಟೋ, ವಯಸ್ಸೋ, ಡಾಕ್ಟರಿಗೂ ಖಚಿತವಾಗಿ ಹೇಳಲಾಗಲಿಲ್ಲ. ಮನೆಗೆ ಆಕ್ಸಿಜನ್ ಮೆಷಿನ್ ಬಂತು. ಗಾಳಿಯಿಂದ ಆಮ್ಲಜನಕ ಬೇರೆ ಮಾಡಿ ಮೂಗಿಗೆ ಕೊಡುವ, ಮಂಚದ ಪಕ್ಕ ಗುರುಗುಡುವ ಪೆಟ್ಟಿಗೆ. ಮೊದಲ ದಿನವೇ ಅದರ ನೆತ್ತಿಯ ಮೇಲೆ ಅಂಗೈಯಿಟ್ಟು, "ಒಳ್ಳೆ ಬೇರಿಂಗ್" ಎಂದು ಒಪ್ಪಿಗೆ ಕೊಟ್ಟರು. ಅಂದಿನಿಂದ ನನಗೆ ಕರೆಂಟ್ ಎಂದರೆ ಸ್ವಿಚ್ಚಲ್ಲ, ಅವರ ಉಸಿರು.

ಆ ಬೇಸಿಗೆಯಲ್ಲೇ ಅಸೋಸಿಯೇಷನ್‌ನವರು ತಾರಸಿಯ ತುಂಬ ಸೋಲಾರ್ ಹಲಗೆ ಹಾಕಿಸಿದರು. ಗಂಡ ಓಡಾಡಿ ನಮ್ಮ ಮನೆಗೂ ಒಂದು ಪಾಲು ಬರುವಂತೆ ಮಾಡಿದರು. ಕೆಲಸ ಮುಗಿದ ದಿನ ಮಾವನ ಕಿವಿಗೆ ಬಾಯಿಟ್ಟು, "ಅಪ್ಪ, ಇನ್ನು ಕರೆಂಟ್ ಹೋದ್ರೂ ಹೆದರಿಕೆ ಇಲ್ಲ. ನಮ್ಮದೇ ಉಂಟು ಮೇಲೆ" ಎಂದು ಕೂಗಿದರು. ಮಾವ ಮಗನನ್ನು ನೋಡಿದರು, ನನ್ನನ್ನು ನೋಡಿದರು. ಮಗನ ಬೆನ್ನು ತಟ್ಟಿ, "ಒಳ್ಳೇದಾಯ್ತು" ಎಂದರು.

ಮಳೆಗಾಲದ ಚಂಡಮಾರುತ ಬಂದಾಗ ಕರೆಂಟ್ ತೆಗೆದರು. ನೀರು ನಿಂತ ಬೀದಿಯಲ್ಲಿ ತೆಗೆಯಲೇಬೇಕು. ಮನೆಯ ಇನ್ವರ್ಟರ್ ಬ್ಯಾಟರಿ ಬೆಳಗಾಗುವ ಹೊತ್ತಿಗೆ ಬರಿದಾಯಿತು. ಆಪತ್ತಿಗೆಂದು ಇಟ್ಟಿದ್ದ ಒಂದು ಚಿಕ್ಕ ಸಿಲಿಂಡರಿಗೆ ಕೊಳವೆ ಬದಲಿಸಿದೆವು. ಇನ್ನೊಂದು ತರುವವನು ಫೋನಿನಲ್ಲಿ, "ವಂಡಿ ವರಾದು ಮಾ, ಇಡುಪ್ಪಳವು ತಣ್ಣಿ" ಎಂದ. ಗಾಡಿ ಬರುವಂತಿಲ್ಲ, ಸೊಂಟದಷ್ಟು ನೀರು. ಆಂಬುಲೆನ್ಸಿನವರೂ ಅದನ್ನೇ ಹೇಳಿದರು. ಬಾಡಿಗೆಯ ಜನರೇಟರುಗಳೆಲ್ಲ ಯಾರ್ಯಾರ ಮನೆಯಲ್ಲೋ ಇದ್ದವು.

ಅಷ್ಟರಲ್ಲಿ ಮೋಡ ಹರಿದು ಬಿಸಿಲು ಬಂತು. ಗಂಡ ಮೆಟ್ಟಿಲು ಹಾರಿಕೊಂಡು ತಾರಸಿಗೆ ಓಡಿದರು, ಹಿಂದೆ ನಾನು. ಮಳೆಯಲ್ಲಿ ತೊಳೆದ ಹಲಗೆಗಳು ಕಣ್ಣಿಟ್ಟು ನೋಡಲಾಗದಷ್ಟು ಹೊಳೆಯುತ್ತಿದ್ದವು. ಕೆಳಗೆ ಮೀಟರ್ ಕೋಣೆಯಲ್ಲಿ ಮಾತ್ರ, ಹಲಗೆಗಳ ಕರೆಂಟನ್ನು ಮನೆಗಳಿಗೆ ಕೊಡುವ ಸೋಲಾರಿನ ಪೆಟ್ಟಿಗೆ ಸತ್ತಂತಿತ್ತು. ಎಷ್ಟು ಸಲ ಆರಿಸಿ ಹಾಕಿದರೂ ಒಂದೇ ಕೆಂಪು ದೀಪ. ಗಂಡ ಅದರ ಮೇಲೆ ಕೈಯಿಂದ ಬಡಿದರು. ಅವರು ಯಾವುದನ್ನೂ ಬಡಿದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮೇಲೆ ಬಂದಾಗ ಮಾವ ಮಗನ ಮುಖ ನೋಡಿಯೇ ಅರ್ಥ ಮಾಡಿಕೊಂಡರು. ಎರಡೆರಡು ಮಾತಿಗೆ ಉಸಿರು ತೆಗೆದುಕೊಳ್ಳುತ್ತ ಹೇಳಿದರು: "ಅದು ಬೀದಿಯ ಲೈನಿನ ತಾಳ ಹಿಡಿದು ಓಡುದು. ಲೈನ್ ಸತ್ರೆ... ಅದೂ ನಿಲ್ಲಬೇಕು. ಹಾಗೇ ಮಾಡಿದ್ದು ಅದನ್ನು."

"ಇಷ್ಟು ಬಿಸಿಲುಂಟಲ್ಲ ಅಪ್ಪ. ಎಲೆಕ್ಟ್ರಿಷಿಯನ್ನನ್ನು ಕರೆದು ಏನಾದ್ರೂ ಅಡ್ಡ ತಂತಿ ಹಾಕಿಸ್ತೇನೆ" ಎಂದು ಗಂಡ ಅವರ ಕಿವಿಗೆ ಕೂಗಿದರು.

ಮಾವ ಕೈ ಎತ್ತಿದರು. "ಬೇಡ. ಕಂಬದ ಮೇಲೆ ಮನುಷ್ಯ ಇರ್ತಾನೆ. ಲೈನ್ ಸತ್ತಿದೆ ಅಂತ ನಂಬಿ ಹತ್ತಿರ್ತಾನೆ."

ಅವರ ಜೊತೆ ಕೆಲಸಕ್ಕೆ ಸೇರಿದ್ದ ಒಬ್ಬರು ಹಾಗೆ ಹೋದದ್ದನ್ನು ಹಿಂದೊಮ್ಮೆ ನನಗೆ ಹೇಳಿದ್ದರು. ಯಾವುದೋ ಕಲ್ಯಾಣಮಂಟಪದಲ್ಲಿ ಜನರೇಟರ್ ಹಾಕಿದವರು ಬೀದಿಯ ಲೈನಿನಿಂದ ಮಂಟಪವನ್ನು ಬಿಡಿಸಿರಲಿಲ್ಲವಂತೆ. ಮದುವೆಮನೆಯ ಕರೆಂಟ್ ಬೀದಿಗೆ ಹರಿದು ಕಂಬದ ಮೇಲಿದ್ದವರನ್ನು ಹಿಡಿಯಿತು. ಹೇಳಿದ ಮೇಲೆ ಮಾವ ಬಹಳ ಹೊತ್ತು ಫ್ರಿಜ್ಜಿಗೆ ಕೈಯಿಟ್ಟು ನಿಂತಿದ್ದರು.

ಗಂಡ ಇನ್ನೊಂದು ಸಿಲಿಂಡರ್ ಹುಡುಕಲು ನೀರಿಗಿಳಿದು ಹೋದರು. ನಾನು ಮಂಚದ ಪಕ್ಕ ಕೂತೆ. ಸಿಲಿಂಡರಿನ ಮುಳ್ಳು ಕೆಂಪಿನ ಕಡೆ ಹೋಗುತ್ತಲೇ ಇತ್ತು. ಬೀಸಣಿಗೆಯಿಂದ ಗಾಳಿ ಹಾಕಿದೆ. ಅದರಿಂದ ಏನೂ ಆಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ನನ್ನ ತುಟಿ ತಾನಾಗಿ ಕಾನ್ವೆಂಟಿನ ಪ್ರಾರ್ಥನೆಯನ್ನು ಗುಣುಗುತ್ತಿತ್ತು. ಮಾವ ಅದನ್ನು ಕಂಡು, "ಏನು, ಸಿಸ್ಟರ್ ಹತ್ರ ಕಂಪ್ಲೇಂಟಾ?" ಎಂದರು. ಆ ಉಸಿರಿನಲ್ಲೂ.

"ಇದು ಹೀಗೆ ನಿಲ್ತದೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ ಮಾವ?" ಸನ್ನೆಯಲ್ಲೂ ಬಾಯಲ್ಲೂ ಕೇಳಿದೆ.

"ನಿಮ್ಮಿಬ್ಬರ ಮುಖ ನೋಡಿ... ಹೇಳ್ಲಿಕ್ಕೆ ಮನಸ್ಸಾಗ್ಲಿಲ್ಲ."

ಮಧ್ಯಾಹ್ನ ಬಾಲ್ಕನಿಯಿಂದ ನೋಡಿದರೆ ಬೀದಿಯ ತುದಿಯ ಕಂಬದ ಮೇಲೆ ಒಬ್ಬನಿದ್ದ. ಸೊಂಟಕ್ಕೆ ಹಗ್ಗ, ಒದ್ದೆಯಾದ ಖಾಕಿ ಅಂಗಿ ಬೆನ್ನಿಗೆ ಅಂಟಿತ್ತು. ಒಳಗೆ ಬಂದು ಕಂಬ ಹತ್ತುವ ಹಾಗೆ ಕೈಯಾಡಿಸಿ ತೋರಿಸಿದೆ. ಮಾವನ ಮುಖ ಅರಳಿತು. ಆಮೇಲೆ ನನ್ನ ಮಣಿಕಟ್ಟು ಹಿಡಿದು, "ಇಳಿದನಾ ನೋಡು. ಅವನು ಇಳೀಲಿ. ಆಮೇಲೆ ಬರ್ಲಿ ಕರೆಂಟ್" ಎಂದರು.

ಬಾಲ್ಕನಿಗೂ ಮಂಚಕ್ಕೂ ಎಷ್ಟು ಸಲ ಓಡಾಡಿದೆನೋ. ಇಲ್ಲಿ ಮುಳ್ಳು ಕೆಂಪಿನೊಳಗೆ, ಮಾವನ ಉಗುರು ನೀಲಿ. ಅಲ್ಲಿ ಅವನು ಅವಸರವಿಲ್ಲದೆ ಒಂದೊಂದೇ ತಂತಿ ಬಿಗಿಯುತ್ತಿದ್ದಾನೆ. ಈಗಲೇ ಕರೆಂಟ್ ಬರಲಿ ಎಂದು ಬೇಡಿಕೊಳ್ಳುವಂತಿಲ್ಲ, ಬೇಡಿಕೊಳ್ಳದೆ ಇರುವಂತೆಯೂ ಇಲ್ಲ. ಅಂಥ ಪ್ರಾರ್ಥನೆಯನ್ನು ಯಾವ ಸಿಸ್ಟರೂ ನನಗೆ ಕಲಿಸಿರಲಿಲ್ಲ.

ಕೊನೆಗೆ ಅವನು ಇಳಿದ. "ಇಳಿದ" ಎಂದು ಬೆರಳು ಕೆಳಗೆ ಮಾಡಿ ತೋರಿಸಿದೆ. ಮಾವ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ಫ್ರಿಜ್ಜು ನಡುಗಿ ಎದ್ದಿತು. ಮಂಚದ ಪಕ್ಕದ ಮೆಷಿನ್ ಗುರುಗುಟ್ಟಿತು. ನಾನು ಕೊಳವೆ ಬದಲಿಸಿ, ಮಾವನ ಅಂಗೈಯನ್ನು ಎತ್ತಿ ಅದರ ನೆತ್ತಿಯ ಮೇಲಿಟ್ಟೆ. ಅವರು ಕಣ್ಣು ತೆರೆಯದೆಯೇ ತಲೆಯಾಡಿಸಿದರು.

ಅವತ್ತು ಉಳಿದರು. ಆಮೇಲೆ ನಾವು ದೊಡ್ಡ ಬ್ಯಾಟರಿ ತಂದೆವು, ದೊಡ್ಡ ಸಿಲಿಂಡರೂ ತಂದು ಮೂಲೆಯಲ್ಲಿ ಸಾಲಾಗಿ ಇಟ್ಟೆವು. ಮಾವ ಅವುಗಳನ್ನು ನೋಡಿ, "ಇದೇ ಒಂದು ಪವರ್ ಸ್ಟೇಷನ್ ಆಯ್ತಲ್ಲ ಮಾರಾಯ್ತಿ" ಎಂದರು.

ಅವರು ಹೋದ ದಿನ ಕರೆಂಟ್ ಹೋಗಿರಲಿಲ್ಲ. ಬೇಸಿಗೆಯ ನಡುಹಗಲು, ತಾರಸಿಯ ಹಲಗೆಗಳಿಗೆ ಬೇಕಾದಷ್ಟು ಬಿಸಿಲು. ಫ್ಯಾನ್ ತಿರುಗುತ್ತಿತ್ತು, ಫ್ರಿಜ್ಜು ಓಡುತ್ತಿತ್ತು, ಬ್ಯಾಟರಿ ತುಂಬಿತ್ತು. ನಾನು ಗಂಜಿ ತಂದಾಗ ಮಾವ ಮಲಗಿದಲ್ಲೇ ಇದ್ದರು, ಮೂಗಿನಲ್ಲಿ ಕೊಳವೆ ಹಾಗೇ ಇತ್ತು. ಒಂದು ಕೈ ಅವರ ಎದೆಯ ಮೇಲಿಟ್ಟೆ. ಇನ್ನೊಂದು ಕೈ, ಯಾಕೋ, ಮೆಷಿನ್ ಮೇಲೆ ಹೋಯಿತು. ಅದು ಅವರು ಮೆಚ್ಚಿದ್ದ ಆ ನಡುಕವನ್ನು ಒಂದಿಷ್ಟೂ ತಪ್ಪದೆ ನಡುಗುತ್ತಿತ್ತು. ಯಾವ ಕೈ ಹೇಳಿದ್ದನ್ನು ನಂಬಬೇಕೆಂದು ತಿಳಿಯದೆ ನಾನು ಬಹಳ ಹೊತ್ತು ಹಾಗೇ ನಿಂತಿದ್ದೆ.