ಆ ಬೇಸಿಗೆ ನಮ್ಮ ಮನೆಗೆ ಬಂದ ಶಾವಿಗೆ

ಕುದಿಯುವ ನೀರಿನಲ್ಲಿ ಗೋದಿಹಿಟ್ಟು ಬೇಯುವಾಗ ಒಂದು ವಾಸನೆ ಏಳುತ್ತದೆ. ಹಸಿ ಹಿಟ್ಟಿನದೂ ಅಲ್ಲ, ಬೆಂದ ಅಡುಗೆಯದೂ ಅಲ್ಲ, ಎರಡರ ನಡುವಿನದು. ಕಳೆದ ತಿಂಗಳು ಒಂದು ಸೋಮವಾರ ಸಂಜೆ ಗುಡಿಗೆ ಹೋಗಿ ಬಂದು ಚಪ್ಪಲಿ ಬಿಡುತ್ತಿದ್ದೆ. ಬೈಲಹೊಂಗಲದ ನಮ್ಮ ಈ ಮನೆಯ ಅಡುಗೆಕೋಣೆಯಿಂದ ಆ ವಾಸನೆ ಬಂತು. ಒಳಗೆ ಮೊಮ್ಮಗಳು ಒಲೆಯ ಮುಂದೆ ನಿಂತಿದ್ದಳು. "ಅಜ್ಜಿ, ಪಾಸ್ತಾ ಮಾಡಾಕ ಹತ್ತೇನಿ. ಅಂಗಡೀದಲ್ಲ, ನಾನ ಹಿಟ್ಟ ಕಲಿಸಿ ಮಾಡಿದ್ದು. ಹದಿನೈದ ನಿಮಿಷದಾಗ ಊಟ ತಯಾರ ನೋಡು" ಎಂದಳು. ತಟ್ಟೆಯಲ್ಲಿ ಬೇಯಲು ಕಾದಿದ್ದ ಹಿಟ್ಟಿನ ತುಣುಕುಗಳನ್ನು ನೋಡಿದೆ. ಒಂದೊಂದನ್ನೂ ಮುಳ್ಳುಚಮಚದ ಬೆನ್ನಿಗೆ ಹೆಬ್ಬೆರಳಿನಿಂದ ಒತ್ತಿ ಎಳೆದಿದ್ದಳು. ಮೈಮೇಲೆ ಗೆರೆ ಮೂಡಿ, ಚಿಪ್ಪಿನ ಹಾಗೆ ಒಳಕ್ಕೆ ಮುದುಡಿಕೊಂಡಿದ್ದವು. ನಾನು ಕಟ್ಟೆ ಹಿಡಿದುಕೊಂಡು ನಿಂತೆ. ಬಟ್ಟಲಲ್ಲಿ ಹಾಕಿ ಕೊಟ್ಟಿದ್ದನ್ನು ಉಂಡೆ, ಚೊಲೋ ಆಗೇತವಾ ಅಂದೆ. ಈ ವಯಸ್ಸಿನಲ್ಲಿ ಹಲ್ಲು ಗಟ್ಟಿ ಇವೆ, ಮೊಮ್ಮಗಳು ಕೈಯಾರೆ ಬಡಿಸುತ್ತಾಳೆ. ಶಿವ ಕೊಟ್ಟ ಇಂತಹ ಸಣ್ಣ ಸಣ್ಣ ಭಾಗ್ಯಗಳನ್ನು ದಿನಾ ಮಲಗುವ ಮುಂಚೆ ಎಣಿಸಿಕೊಳ್ಳುವುದು ನನ್ನ ರೂಢಿ. ಆ ದಿನ ಎಣಿಸಲು ಕುಳಿತರೆ ಬರೀ ನೀಲಾಕಾಕಿಯ ಮುಖವೇ ಬಂತು.

ನೀಲಾಕಾಕಿ ನನ್ನ ಅಪ್ಪನ ತಮ್ಮನ ಹೆಂಡತಿ. ನಮ್ಮ ತವರೂರು ರಾಮದುರ್ಗ ತಾಲೂಕಿನಲ್ಲಿ ಮಲಪ್ರಭಾ ಹೊಳೆಯ ದಂಡೆಯ ಮೇಲೆ. ಮಣ್ಣಿನ ಗೋಡೆ, ಮೇಲ್ಮುದ್ದೆ ಎನ್ನುವ ಮಣ್ಣಿನ ಮಾಳಿಗೆಯ ಆ ಮನೆಯಲ್ಲಿ ನಾವು ಆಯಿ ಎನ್ನುತ್ತಿದ್ದ ಅಜ್ಜಿ, ಅಪ್ಪ, ಅವ್ವ, ಕಾಕಾ, ಕಾಕಿ ಮತ್ತು ನಾನು. ಕಾಕಾ-ಕಾಕಿಗೆ ಮಕ್ಕಳಿರಲಿಲ್ಲ, ಹಾಗಾಗಿ ಇಬ್ಬರ ನಡುವೆ ನಾನು ಓಡಾಡುತ್ತಿದ್ದೆ. ಹಿರಿಯರ ಎದುರು ಗಂಡ-ಹೆಂಡತಿ ನೇರವಾಗಿ ಮಾತಾಡುವ ಪದ್ಧತಿ ಆಗ ಇರಲಿಲ್ಲ. ಕಾಕಾ ಹೊಲದಿಂದ ಹೊತ್ತಲ್ಲದ ಹೊತ್ತಿಗೆ ಬಂದು ಪಡಸಾಲೆಯಲ್ಲಿ ಕುಳಿತು, "ಶಾಂತಾ, ನಿಮ್ಮ ಕಾಕಿಗೆ ಹೇಳು, ಹೊಟ್ಟಿ ಬೆನ್ನಿಗೆ ಹತ್ತೇತಿ" ಅನ್ನುವರು. ನಾನು ಓಡಿ ಹೋಗಿ ಹೇಳುವೆ. "ನಿಮ್ಮ ಕಾಕಾಗ ಹೇಳು, ಕೈಕಾಲ ತೊಳಕೊಳ್ಳೂದ್ರಾಗ ಆಗ್ತೈತಿ. ಕಿವಿಹಿಂದ ಮಣ್ಣ ಐತಿ, ಅದನ್ನೂ ತೊಳಕೊಳ್ಳಾಕ ಹೇಳು" ಎಂದು ಕಾಕಿ ಅನ್ನುವಳು. ಗೋಡೆಯ ಆಚೆ ಇದ್ದ ಕಾಕಾಗೆ ಎಲ್ಲ ಕೇಳಿಸಿರುತ್ತಿತ್ತು. ಆದರೂ ನಾನು ಹೋಗಿ ಹೇಳುವವರೆಗೆ ಕೇಳಿಸದವರಂತೆ ಕೂತಿರುತ್ತಿದ್ದರು. ಕಾಕಿಯ ಮಾತು ಎಂದರೆ ನನ್ನ ಬಾಯಿಂದ ಬಂದದ್ದು ಎಂದು ಓಣಿಗೆಲ್ಲ ಗೊತ್ತಿತ್ತು.

ಆ ಹೊತ್ತಲ್ಲದ ಹೊತ್ತಿನ ಊಟಕ್ಕೆ ಕಾಕಿ ಮಾಡುತ್ತಿದ್ದದ್ದು ಗವಲಿ. ಮದುವೆಗೆ ಮಾಡುವ ಜೀರಿಗೆಯಷ್ಟು ಸಣ್ಣ ಗವಲಿಯಲ್ಲ, ಅದಕ್ಕೆ ದಿನಗಟ್ಟಲೆ ಬೇಕು. ಇದು ಗಡಿಬಿಡಿಯ ಗವಲಿ. ನಾದಿಟ್ಟ ಹಿಟ್ಟಿನಿಂದ ಬಾರಿಹಣ್ಣಿನಷ್ಟು ಚಿವುಟಿ, ಮೊರವನ್ನು ಬೋರಲು ಹಾಕಿ, ಅದರ ಬೆನ್ನ ಮೇಲೆ ಹೆಬ್ಬೆರಳಿನಿಂದ ಒತ್ತಿ ಎಳೆಯುವಳು. ಬಿದಿರಿನ ಗೆರೆ ಹಿಟ್ಟಿಗೆ ಇಳಿದು ತುಣುಕು ತಾನೇ ಸುರುಳಿಯಾಗುತ್ತಿತ್ತು. ಒಲೆಯ ಮೇಲಿನ ನೀರು ಮರಳುವುದರೊಳಗೆ ಮೊರದ ತುಂಬ ಗವಲಿ. ಬೆಂದು ಮೇಲೆ ತೇಲಿದ ಕೂಡಲೆ ಬಸಿದು, ಬಳ್ಳೊಳ್ಳಿ ಜಜ್ಜಿ ಒಗ್ಗರಣೆ ಹಾಕಿ, ಕೆಂಪು ಖಾರ, ಶೇಂಗಾ ಪುಡಿ ಉದುರಿಸಿ ಕಲಸಿದರೆ ಮುಗಿಯಿತು. ಗೆರೆಯ ಸಂದಿಯಲ್ಲಿ ಖಾರ, ಎಣ್ಣೆ ಸಿಕ್ಕಿಕೊಂಡಿರುತ್ತಿತ್ತು. ನನಗೆ ಮಾತ್ರ ಬೇರೆ ಬಟ್ಟಲಲ್ಲಿ ಹಾಲು, ಬೆಲ್ಲ ಹಾಕಿ ಕೊಡುವಳು. ಕಾಕಾ ತಮ್ಮ ತಟ್ಟೆಯಿಂದ ಒಂದನ್ನು ತೆಗೆದು ನನ್ನ ಬಟ್ಟಲಿಗೆ ಹಾಕಿ, ಹಾಲು ಕೆಂಪಾದದ್ದನ್ನು ನೋಡಿ ನಾನು ಚೀರಿದರೆ ನಗುತ್ತಿದ್ದರು.

ನನಗೆ ಎಂಟು ವರ್ಷ ಇದ್ದಾಗ, ಶ್ರಾವಣದಲ್ಲಿ, ಕಾಕಾ ಮನೆಗೆ ಬರಲಿಲ್ಲ. ಆ ದಿನ ಬೆಳಿಗ್ಗೆ ಬದುವಿನ ಬೇವಿನ ಮರ ಕಡಿಯುವ ವಿಷಯಕ್ಕೆ ಅಪ್ಪನಿಗೂ ಅವರಿಗೂ ಮಾತಿಗೆ ಮಾತು ಬೆಳೆದಿತ್ತು. ಕಾಕಾ ಸೈಕಲ್ ಹತ್ತಿ ಹೋಗಿದ್ದರು. ಮರುದಿನ ಸೈಕಲ್ ಹೊಳೆಯ ದಂಡೆಯಲ್ಲಿ ಸಿಕ್ಕಿತು, ಜಾಲಿಗಿಡಕ್ಕೆ ಆನಿಸಿ ನಿಲ್ಲಿಸಿದ್ದು. ಹೊಳೆ ದಂಡೆ ಮೀರಿ ಕೆಂಪಗೆ ಹರಿಯುತ್ತಿತ್ತು. ಕೆಳಗಿನ ಊರುಗಳವರೆಗೆ ಹುಡುಕಿದರೂ ಏನೂ ಸಿಗಲಿಲ್ಲ. ಕೆಲವರು ಹೊಳೆ ಒಯ್ದಿತು ಅಂದರು. ಸವದತ್ತಿ ಬಸ್‌ಸ್ಟ್ಯಾಂಡಿನಲ್ಲಿ ನೋಡಿದೆವು ಅಂದವರೂ ಇದ್ದರು. ಆಯಿ ಮನೆಯಲ್ಲಿ ಯಾರನ್ನೂ ಅಳಗೊಡಲಿಲ್ಲ. "ಹೆಣ ಕಾಣೂತನಕ ನನ್ನ ಮಗ ಬದುಕ್ಯಾನ. ಅತ್ತವರು ಅವನ್ನ ಕೊಂದವರು" ಎಂದಳು. ಕಾಕಿ ಅಳಲಿಲ್ಲ. ಬಳೆ ಇದ್ದವು, ಕುಂಕುಮ ಇತ್ತು. ಪ್ರತಿದಿನ ಮಧ್ಯಾಹ್ನ ಒಂದು ಮುಷ್ಟಿ ಹಿಟ್ಟು ನಾದಿ, ಒದ್ದೆ ಅರಿವೆ ಮುಚ್ಚಿ, ಮೊರದ ಪಕ್ಕಕ್ಕೆ ಇಡುತ್ತಿದ್ದಳು. "ಬಂದರ ಹಸದ ಬರತಾರ" ಅನ್ನುವಳು. ದೀಪ ಹಚ್ಚುವ ಹೊತ್ತಿಗೆ ಆ ಹಿಟ್ಟನ್ನು ಆಕಳಿಗೆ ಹಾಕುವಳು. ಮನೆಯಲ್ಲಿ ಯಾರು ಬಾಗಿಲು ದೂಡಿದರೂ ಅವಳ ಬಲಗೈ ಮೊರದ ಕಡೆ ಹೋಗುತ್ತಿತ್ತು. ಬಂದವರ ದನಿ ಕೇಳಿದ ಮೇಲೆ ಮೆಲ್ಲಗೆ ವಾಪಸು ಬರುತ್ತಿತ್ತು. ಆ ಕೈಯನ್ನು ನಾನು ಈಗಲೂ ಕಾಣುತ್ತೇನೆ. ನನ್ನ ಮನೆಯ ಬಾಗಿಲು ಗಾಳಿಗೆ ತಾನೇ ತೆರೆದುಕೊಂಡಾಗ, ಒಮ್ಮೊಮ್ಮೆ ಅಡುಗೆಕೋಣೆಯೊಳಗೆ ಬಳೆ ಸಪ್ಪಳವಾದಂತೆ ಅನ್ನಿಸುತ್ತದೆ.

ಬೇಸಿಗೆ ಬಂತು. ನಮ್ಮ ಕಡೆ ಅದು ಶಾವಿಗೆ ಹೊಸೆಯುವ ಕಾಲ. ಮನೆಮನೆಯಲ್ಲಿ ಉದ್ದನೆಯ ಮಣೆಯನ್ನು ಇಳಿಜಾರಾಗಿ ಆನಿಸಿ, ಒಬ್ಬರು ಮೇಲೆ ಕೂತು ಹಿಟ್ಟು ಹೊಸೆದರೆ, ಕೆಳಗಿದ್ದವರು ಎಳೆ ಹಿಡಿದು ಹೊರಸಿನ ಮೇಲೆ ಒಣಹಾಕುತ್ತಾರೆ. ಆದರೆ ಸಾವಾದ ಮನೆಯಲ್ಲಿ ಆ ವರ್ಷ ಶಾವಿಗೆ ಹೊಸೆಯುವುದಿಲ್ಲ; ನೆರೆಯವರು, ಬೀಗರು ತಂದುಕೊಡುತ್ತಾರೆ. ಆ ವರ್ಷ ನಮ್ಮ ಮಣೆ ತೊಲೆಗೆ ಕಟ್ಟಿದ್ದು ಕಟ್ಟಿದಂತೆಯೇ ಇತ್ತು. ಇಳಿಸಿದರೆ ಕಾಕಾ ಬದುಕಿದ್ದಾರೆ ಎಂದು ಊರಿಗೆ ಸಾರಿದಂತೆ. ಇಳಿಸದಿದ್ದರೆ ಇಲ್ಲ ಎಂದಂತೆ. ಊರು ಕೂಡ ಅದನ್ನೇ ಕಾಯುತ್ತಿತ್ತು. ಯಾರೂ ಕೇಳಲಿಲ್ಲ, ಯಾರೂ ಶಾವಿಗೆ ತಂದುಕೊಡಲೂ ಇಲ್ಲ. "ಅತ್ತಿ, ಮಣಿ ಇಳಸ್ಲೇನ್ರಿ?" ಎಂದು ಕಾಕಿ ಒಂದು ದಿನ ಕೇಳಿದ್ದಳಂತೆ. ಆಯಿ ತೊಲೆಯ ಮೇಲಿನ ಮಣೆಯನ್ನು ನೋಡಿ, "ಗೋದಿಗೆ ನೀರ ಹಾಕು. ನನ್ನ ಮಗನ ಮನ್ಯಾಗ ಶಾವಿಗಿ ಯಾಕ ನಿಲ್ಲಬೇಕು?" ಅಂದಳಂತೆ. ಒಳಕೋಣೆಯಲ್ಲಿ ಒದ್ದೆ ಗೋದಿ ಮೂಟೆ ಕಟ್ಟಿ ಇಟ್ಟಿದ್ದರು. ಇದೊಂದೂ ನನಗೆ ಗೊತ್ತಿರಲಿಲ್ಲ. ಸಾವಿನ ಮನೆಯ ಆ ಪದ್ಧತಿಯೂ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಎಲ್ಲರ ಮನೆಯಲ್ಲಿ ಶಾವಿಗೆ ಇದೆ, ನಮ್ಮಲ್ಲಿ ಇಲ್ಲ ಎಂಬುದಷ್ಟೇ.

ಗೋದಿಗೆ ನೀರು ಬಿದ್ದ ಅದೇ ದಿನ ಮಧ್ಯಾಹ್ನ ಎದುರುಮನೆಯ ಮಲ್ಲವ್ವನ ಅಂಗಳದಲ್ಲಿ ಎಳೆ ಹಿಡಿಯಲು ಕುಳಿತೆ. "ನಿಮ್ಮ ಮನ್ಯಾಗ ಯಾವತ್ತ ಹೊಸಿತಾರ ಶಾಂತಾ?" ಎಂದು ಆಕೆ ಕೇಳಿದಳು. ಪ್ರಶ್ನೆಯೊಳಗಿನ ಪ್ರಶ್ನೆ ನನಗೆ ತಿಳಿಯಲಿಲ್ಲ.

"ಈ ವರ್ಷ ನಮ್ಮ ಮನ್ಯಾಗ ಇಲ್ಲರಿ. ನಿಮ್ಮ ಮನ್ಯಾಗಿಂದು ಕೊಡಬೇಕಂತ್ರಿ."

"ಯಾರ ಹೇಳಿದ್ರು?"

ನನಗೆ ತಿನ್ನುವ ಆಸೆ. ನಾನೇ ಕೇಳಿದೆ ಅಂದರೆ ಬೈಯುತ್ತಾರೆ ಎಂಬ ಅಂಜಿಕೆ. "ಕಾಕಿ ಹೇಳ್ಯಾಳ್ರಿ" ಅಂದೆ.

ಮಲ್ಲವ್ವನ ಕೈ ಮಣೆಯ ಮೇಲೆ ನಿಂತಿತು. ಆಕೆ ತಲೆಯ ಮೇಲೆ ಸೆರಗು ಎಳೆದುಕೊಂಡು "ಶಿವಾ" ಎಂದಳು. ಆ ಸೆರಗು ಯಾಕೆ ಎಂದು ನಾನು ಯೋಚಿಸಲಿಲ್ಲ, ಕೆಳಗೆ ಬಿದ್ದ ಹಸಿ ಎಳೆಯನ್ನು ಬಾಯಿಗೆ ಹಾಕಿಕೊಂಡೆ.

ಮರುದಿನ ಬೆಳಿಗ್ಗೆ ಮಲ್ಲವ್ವ ಮೊರದ ತುಂಬ ಶಾವಿಗೆ ಇಟ್ಟುಕೊಂಡು ನಮ್ಮ ಕಟ್ಟೆಗೆ ಬಂದಳು. ಅವಳ ಹಿಂದೆ ಇನ್ನೊಬ್ಬಳು, ಆಮೇಲೆ ಮತ್ತೊಬ್ಬಳು. ಆಚೆ ಓಣಿಯ ಹುಸೇನಬಿ ಕೂಡ ಬಿಳಿ ಅರಿವೆ ಮುಚ್ಚಿದ ಬುಟ್ಟಿ ತಂದಿದ್ದಳು. ಒಂಬತ್ತು ತಿಂಗಳು ದುಃಖವನ್ನು ಬಾಯಲ್ಲಿ ಹಿಡಿದು ನಿಂತಿದ್ದ ಊರು ಒಂದೇ ಸಲ ಬಿಟ್ಟುಕೊಟ್ಟಂತಿತ್ತು. ಹನ್ನೊಂದು ಮೊರ ಕಟ್ಟೆಯ ಮೇಲೆ ಸಾಲಾಗಿ ಕುಳಿತವು. ಆಯಿ ಹೊರಗೆ ಬಂದು ನೋಡಿದಳು.

"ಏನ ಇದು ಮಲ್ಲವ್ವ? ನಮ್ಮ ಮನ್ಯಾಗ ಯಾರ ಸತ್ತಾರ?"

"ಸಿಟ್ಟಾಗಬ್ಯಾಡ್ರಿ ಆಯಿ. ನಾವಾಗಿ ತಂದಿಲ್ಲ. ನೀಲವ್ವ ಹೇಳಿ ಕಳಿಸಿದ್ಲು."

ಕಾಕಿ ಬಾಗಿಲಿಗೆ ಬಂದಿದ್ದಳು. ಬೀಸುಕಲ್ಲು ಬಿಟ್ಟು ಬಂದ ಕೈ ಮೊಣಕೈವರೆಗೆ ಬೆಳ್ಳಗಿತ್ತು. ಆಯಿ ಅವಳ ಕಡೆ ತಿರುಗಿದಳು. "ನೀ ಹೇಳಿ ಕಳಿಸಿದೇನು?" ಕಾಕಿ ಮೊರಗಳನ್ನು ನೋಡಿದಳು. ಆಮೇಲೆ ಕಂಬದ ಹಿಂದೆ ಇದ್ದ ನನ್ನನ್ನು ನೋಡಿದಳು. ಅವಳ ಮಾತನ್ನು ಹೊತ್ತು ಓಡಾಡುವವಳು ಆ ಓಣಿಯಲ್ಲಿ ನಾನೊಬ್ಬಳೇ. ಅವಳಿಗೆ ತಿಳಿಯಿತು. ನನಗೂ, ಅವಳಿಗೆ ತಿಳಿಯಿತು ಎಂಬುದು ತಿಳಿಯಿತು. ಅಲ್ಲ ಎಂದು ಅವಳು ಒಂದು ಮಾತು ಅಂದಿದ್ದರೆ ಸಾಕಿತ್ತು. ಮೊರಗಳು ತಿರುಗಿ ಹೋಗುತ್ತಿದ್ದವು, ಮಣೆ ಇಳಿಯುತ್ತಿತ್ತು. ನನ್ನ ಮೇಲೆ ಮಾತ್ರ, ಬದುಕಿದ್ದ ಕಾಕಾನನ್ನು ಕೊಂದ ನಾಲಿಗೆ ಎಂಬ ಹೆಸರು ನಿಲ್ಲುತ್ತಿತ್ತು. ನಮ್ಮ ಊರಲ್ಲಿ ಹೆಣ್ಣುಮಗುವಿಗೆ ಅಂತಹ ಹೆಸರು ಬಂದರೆ ಅದು ಮದುವೆಯ ಮಾತಿನವರೆಗೂ ಬೆನ್ನುಹತ್ತುತ್ತದೆ.

"ಹೂನ್ರಿ ಅತ್ತಿ" ಎಂದಳು ಕಾಕಿ. "ನಾನ ಹೇಳಿ ಕಳಿಸಿದ್ದೆ."

"ಹೊಳಿ ಒಯ್ದಿರಲಿಲ್ಲ ನನ್ನ ಮಗನ್ನ. ನಿನ್ನ ಬಾಯಿ ಒಯ್ತು" ಎಂದು ಆಯಿ ಅಂದಳು. ಆಮೇಲೆ ಸಾಯುವವರೆಗೂ ಅವಳು ಕಾಕಿಯ ಕೈಯ ನೀರು ಕುಡಿಯಲಿಲ್ಲ. ಆ ವಾರವೇ ಬಳೆ ಒಡೆದರು. ಹೆಣ ಇಲ್ಲದ ಮನೆಯಲ್ಲಿ ಅಪ್ಪ ದಿನಕರ್ಮ ಮುಗಿಸಿದರು. ಬೀಸಿ ಮುಗಿಯದ ಗೋದಿಯನ್ನು ಆಕಳಿಗೆ ಹಾಕಿದರು. ಅಂದಿನಿಂದ ಮಧ್ಯಾಹ್ನದ ಆ ಒಂದು ಮುಷ್ಟಿ ಹಿಟ್ಟು ನಿಂತಿತು. ಹನ್ನೊಂದು ಮೊರದ ಶಾವಿಗೆಯನ್ನು ಅವ್ವ ವರ್ಷಪೂರ್ತಿ ಬಸಿದಳು. ನನಗೆ ಬಡಿಸಿದಾಗಲೆಲ್ಲ ನಾನು ಬಟ್ಟಲಲ್ಲಿ ಬೆರಳಾಡಿಸುತ್ತ ಕೂರುತ್ತಿದ್ದೆ. ಕಾಕಿ ಎದುರಿಗೆ ಕೂತು, "ತಿನ್ನವಾ, ಚೊಲೋ ಅದಾವ" ಅನ್ನುತ್ತಿದ್ದಳು. ನಾನು ಯಾರಿಗೂ ಹೇಳಲಿಲ್ಲ. ನಾಳೆ ಹೇಳೋಣ, ಹಬ್ಬ ಮುಗಿಯಲಿ, ಆಯಿಯ ಜ್ವರ ಇಳಿಯಲಿ ಎಂದು ಅಂದುಕೊಳ್ಳುತ್ತಿದ್ದಂತೆ ಆಯಿ ಹೋದಳು. ಕಾಕಿಯನ್ನು ಅವಳ ಅಣ್ಣ ಸಿರಸಂಗಿಗೆ ಕರೆದೊಯ್ದರು. ಈಗ ಆ ಮನೆ ಇಲ್ಲ. ಮೇಲ್ಮುದ್ದೆ ಕುಸಿದು, ಗೋಡೆ ಮಣ್ಣಾಗಿ, ಜಾಗದಲ್ಲಿ ಯಾರದೋ ಟ್ರ್ಯಾಕ್ಟರ್ ನಿಲ್ಲುತ್ತದೆ.

ಮದುವೆಯಾದ ಎರಡನೆಯ ವರ್ಷ ಯಜಮಾನರ ಜೊತೆ ಸಿರಸಂಗಿಯ ಕಾಳಿಕಾ ದೇವಿಗೆ ಹೋಗಿದ್ದೆ. ಅವರನ್ನು ಗುಡಿಯ ಹತ್ತಿರ ಕೂರಿಸಿ, ಒಬ್ಬಳೇ ಕಾಕಿಯ ಮನೆ ಹುಡುಕಿಕೊಂಡು ಹೋದೆ. ಕೂದಲು ಅರ್ಧ ಬೆಳ್ಳಗಾಗಿತ್ತು. ಹಣೆಯಲ್ಲಿ ವಿಭೂತಿ ಮಾತ್ರ. ನಾನು ಅವಳ ಕಾಲು ಹಿಡಿದು ಎಲ್ಲ ಹೇಳಿದೆ. ಅವಳು ನನ್ನ ತಲೆ ಸವರುತ್ತ ಕೇಳಿದಳು.

"ಅದನ್ನ ಇನ್ನೂ ಹೊತ್ಕೊಂಡ ತಿರಗಾಡಾಕ ಹತ್ತೀಯೇನು? ಒಂಬತ್ತ ತಿಂಗಳ ಹಿಟ್ಟ ನಾದಿ ನಾದಿ ನನ್ನ ಕೈ ಸೋತಿದ್ವು ಶಾಂತಾ. ಯಾರರೆ ಸಾಕ ಅನ್ಲಿ ಅಂತ ಕಾಯಾಕ ಹತ್ತಿದ್ದೆ. ನೀ ಅಂದಿ. ಚೊಲೋ ಮಾಡಿದಿ ಬಿಡು."

ಮಣೆ ಇಳಿಸಲೇ ಎಂದು ಆಯಿಯನ್ನು ಕೇಳಿದವಳು ಅವಳೇ. ಅಂಥವಳ ಕೈ ಸೋತಿದ್ದು ನಿಜವೋ, ಇಲ್ಲ ನನ್ನನ್ನು ಉಳಿಸಲು ಅವಳು ಆಡಿದ ಎರಡನೆಯ ಸುಳ್ಳೋ? ಇಷ್ಟು ವರ್ಷ ಶಿವನ ಮುಂದೆ ಕೂತು ಕೇಳಿದ್ದೇನೆ. ಎಣಿಸುವ ಭಾಗ್ಯಗಳಲ್ಲಿ ಅದನ್ನು ಸೇರಿಸಬೇಕೋ ಬೇಡವೋ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಕಾಕಿಯೂ ಹೋಗಿ ಬಹಳ ವರ್ಷವಾಯಿತು.

ಆ ದಿನ ನಾನು ಹೊರಡಲು ಎದ್ದಾಗ ಅವಳು ಗೂಡಿನಿಂದ ಕುಂಕುಮದ ಬಟ್ಟಲು ತೆಗೆದುಕೊಂಡಳು. ಮನೆಗೆ ಬಂದ ಮುತ್ತೈದೆಯನ್ನು ಹಾಗೇ ಕಳಿಸಬಾರದು. ಬಟ್ಟಲು ಹಿಡಿದು ಒಂದು ಗಳಿಗೆ ನನ್ನ ಹಣೆಯನ್ನು ನೋಡಿದಳು. ನಾನು ಮುಖ ಮುಂದೆ ಚಾಚಿ, "ಹಚ್ಚು ಕಾಕಿ" ಅಂದೆ. ಅವಳು ನಕ್ಕಳು. ಎರಡು ಹೆಜ್ಜೆ ಹಿಂದೆ ಸರಿದು, ಒಳಗಿದ್ದ ತನ್ನ ಅಣ್ಣನ ಸೊಸೆಯನ್ನು ಕರೆದಳು. "ಬಾರವಾ, ನಮ್ಮ ಶಾಂತಾಗ ಕುಂಕುಮ ಹಚ್ಚು." ಆ ಹುಡುಗಿ ಬಂದು ಹಚ್ಚುವವರೆಗೆ ಕಾಕಿ ಗೋಡೆಯ ಬದಿಗೆ ನಿಂತಿದ್ದಳು, ನನಗೆ ತನ್ನ ನೆರಳು ಬೀಳದಷ್ಟು ದೂರದಲ್ಲಿ.