ಚವರಿ ಬೀಸಿದವನ ಮೊಮ್ಮಗಳು

ಅಮೆರಿಕದ ಏಪೆಕ್ಸ್ ಎಂಬ ಊರಿನ ಆ ಮನೆಯಲ್ಲಿ ಶನಿವಾರ ಎಂಟರ ಮೊದಲು ಯಾರೂ ಹಾಸಿಗೆ ಬಿಡುವುದಿಲ್ಲ. ಆದರೆ ಎರಡು ಸಾವಿರದ ಇಪ್ಪತ್ಮೂರರ ಮೇ ತಿಂಗಳ ಆ ಶನಿವಾರ ಶಾಂತವ್ವ ಐದಕ್ಕೇ ಜಳಕ ಮುಗಿಸಿ, ಇಳಕಲ್ ಸೀರೆ ಉಟ್ಟು, ಟೀವಿಯ ಮುಂದೆ ಕುರ್ಚಿ ಎಳೆದುಕೊಂಡು ಕೂತಿದ್ದಳು. ಲಂಡನ್ನಿನಲ್ಲಿ ಅಂದು ಹೊಸ ರಾಜನ ಪಟ್ಟಾಭಿಷೇಕ. ಎಂಬತ್ತೆರಡರ ಮುದುಕಿಗೆ ಅದರ ಗೊಡವೆ ಯಾಕೆ ಅಂತೀರಾ? ಇತ್ತು, ಕಾರಣ.

ಅವಳ ಅಜ್ಜ ಮಹಾಂತಪ್ಪ ಕೃಷ್ಣೆಯ ದಂಡೆಯ ಪುಟ್ಟ ಸಂಸ್ಥಾನವೊಂದರಲ್ಲಿ ರಾಜನ ಹಿಂದೆ ನಿಂತು ಚವರಿ, ಅಂದರೆ ಚಾಮರ, ಬೀಸುತ್ತಿದ್ದವನು. ಸಾವಿರದ ಒಂಬೈನೂರ ಹನ್ನೊಂದರಲ್ಲಿ ಇಂಗ್ಲೆಂಡಿನ ದೊರೆ ದಿಲ್ಲಿಗೆ ಬಂದು ದರಬಾರು ನಡೆಸಿದಾಗ ನಮ್ಮ ರಾಜರು ಒಬ್ಬೊಬ್ಬರಾಗಿ ಹೋಗಿ ತಲೆಬಾಗಬೇಕಾಯಿತು. ಧಣಿಯ ಜೊತೆ ಹತ್ತೊಂಬತ್ತರ ಮಹಾಂತಪ್ಪನೂ ಹೋದ. ಊರಿಗೆ ಮರಳಿದ ಮೇಲೆ ಸಾಯುವ ತನಕ ಜನ ಅವನನ್ನು ಕೇಳಿದ್ದು ಒಂದೇ: ಕಿರೀಟ ಹೆಂಗಿತ್ತು? ದಿನಕ್ಕೊಂದು ಬಣ್ಣ ಕಟ್ಟಿ ಹೇಳುತ್ತಿದ್ದ, ಭೂಪ. ನಿಜ ಹೇಳಿದ್ದು ಮೊಮ್ಮಗಳಿಗೆ ಮಾತ್ರ.

"ಚವರಿ ಹಿಡಿದವನ ಕಣ್ಣು ಧಣಿ ಹೆಗಲು ಬಿಟ್ಟು ಕದಲಬಾರದವ್ವ. ನಾ ಕಿರೀಟ ನೋಡೇ ಇಲ್ಲ. ಧಣಿ ಕುತ್ತಿಗಿ ಅಷ್ಟ ನೋಡೀನಿ. ಆ ಚಳ್ಯಾಗೂ ಬೆವತಿತ್ತು."

ಊರೆಲ್ಲ ಯಾರ ಮುಂದೆ ನಡು ಬಗ್ಗಿಸುತ್ತಿತ್ತೋ ಅವನೇ ಅಂಜಿ ಬೆವತದ್ದನ್ನು ಕಂಡವನು ಆ ಚಾಕರಿಯವನೊಬ್ಬನೇ. "ಕಿರೀಟ ನೀನಾರ ನೋಡು" ಎಂದು ಹುಡುಗಿಯಿಂದ ಆಣೆ ಮಾಡಿಸಿಕೊಂಡು ಕಣ್ಣುಮುಚ್ಚಿದ. ಆದರೆ ಲಂಡನ್ನಿನ ರಾಣಿಯೂ ಗಟ್ಟಿಗಿತ್ತಿ, ಎಪ್ಪತ್ತು ವರ್ಷ ಪಟ್ಟ ಬಿಡಲಿಲ್ಲ; ಇನ್ನೊಬ್ಬರ ತಲೆಗೆ ಕಿರೀಟ ಇಡುವ ಕಾಲವೇ ಬರಲಿಲ್ಲ. ಅಷ್ಟರಲ್ಲಿ ಶಾಂತವ್ವ ಮೂವತ್ತಮೂರು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದಳು, ಗಂಡನನ್ನು ಮಣ್ಣು ಮಾಡಿದಳು, ಮಗಳು ಸ್ಮಿತಾಳ ಮನೆಗೆಂದು ಇಲ್ಲಿಗೆ ಬಂದಳು.

ಕಾದದ್ದು ಬಂತು ಅನ್ನುವಾಗ ಕಣ್ಣು ಕೈಕೊಟ್ಟಿತು. ನೋಟದ ನಟ್ಟನಡುವೆ ಬೂದಿ ಬಳಿದಂಥ ಕಲೆ. ನೆಟ್ಟಗೆ ನೋಡಿದ್ದು ಮಾಯ, ಅಂಚಿನಲ್ಲಿದ್ದದ್ದಷ್ಟೇ ಕಾಣುತ್ತದೆ. ಇದಕ್ಕೆ ಮದ್ದಿಲ್ಲವೆಂದು ಡಾಕ್ಟರಾದ ಸ್ಮಿತಾಳೇ ಹೇಳಿದ್ದಳು. ಆದರೂ ಶಾಂತವ್ವನ ಹಟ ಅಂದರೆ ಹಟ.

ಹದಿನೈದರ ಮೊಮ್ಮಗಳು ಮಾನ್ಯಾ ಕಂಬಳಿ ಹೊದ್ದುಕೊಂಡೇ ಬಂದು ಕಾಲಬಳಿ ಕೂತಳು. ಟೀವಿಯಿಂದ ಯಾವುದೋ ದೇವರಹಾಡು ಎದ್ದೆದ್ದು ಬರುತ್ತಿತ್ತು. ಬಂಗಾರದ ಬಣ್ಣ ಮಂಜಿನೊಳಗೆ ತೇಲುತ್ತಿತ್ತು. ಶಾಂತವ್ವನಿಗೆ ತಾನು ಕೂತದ್ದು ಸೋಫಾದ ಪಕ್ಕವೋ, ದಿಲ್ಲಿಯ ಡೇರೆಯೊಳಗೋ ಎಂದು ಒಂದು ಗಳಿಗೆ ತಿಳಿಯಲೇ ಇಲ್ಲ. ಆ ಮರೆವು ಅವಳಿಗೆ ಹಿತವಾಗಿತ್ತು.

"ಅಜ್ಜಿ, ಈಗ ಕ್ಲಾತ್ ಅಡ್ಡ ಹಿಡಿದ್ರು. ಒಳಗೆ ಎಣ್ಣೆ ಹಚ್ತಾರಂತೆ. ಸೀಕ್ರೆಟ್."

"ಮದುವಿಯೊಳಗ ಅಂತರಪಟ ಹಿಡೀತಾರಲ್ಲ, ಹಂಗ" ಎಂದು ಶಾಂತವ್ವ ನಕ್ಕಳು.

ಬಟ್ಟೆ ಸರಿಯಿತು. ಇನ್ನಷ್ಟು ಹೊತ್ತು ಕಳೆಯಿತು. ಮಾನ್ಯಾ ಅಜ್ಜಿಯ ಮೊಣಕಾಲು ಹಿಡಿದು ಅಲುಗಿಸಿದಳು. "ಈಗ ಅಜ್ಜಿ, ಈಗ. ಕಿರೀಟ ಇಡ್ತಿದಾರೆ, ನೋಡು."

ಶಾಂತವ್ವ ಉಸಿರು ಬಿಗಿಹಿಡಿದು ನೆಟ್ಟಗೆ ನೋಡಿದಳು. ಬೂದಿ. ಕಣ್ಣುಜ್ಜಿ ಮತ್ತೆ ನೋಡಿದಳು, ಅದೇ ಬೂದಿ. ಅಜ್ಜನಿಗೆ ಕೊಟ್ಟ ಮಾತು ಕಣ್ಣೆದುರೇ ಸುಳ್ಳಾಯಿತಲ್ಲ ಎಂದು ಅವಳಿಗೆ ಅಳುವೇ ಬಂತು. ಗಂಟೆಗಳು ಮೊಳಗಿದವು, ಜನ ಜಯಕಾರ ಹಾಕಿದರು.

"ಕಾಣ್ತಾ ಅಜ್ಜಿ?"

"ಇಲ್ಲವ್ವ." ಸೆರಗಿನಿಂದ ಕಣ್ಣೊರೆಸಿಕೊಳ್ಳಲು ಮುಖ ತಿರುಗಿಸಿದವಳು ಹಾಗೇ ತಡೆದಳು; ಪರದೆಯ ಒಂದು ಬದಿ ಕಣ್ಣಂಚಿಗೆ ಬಿದ್ದಿತ್ತು. "ಬಾಜೂಕ ಒಬ್ಬಾವ ಏನೋ ಹಿಡಕೊಂಡು ನಿಂತಾನ. ಅವನ ಮಾರಿ ಕಾಣ್ತದ."

ಮಾನ್ಯಾ ಪರದೆ ನೋಡಿದಳು. "ಅವನಾ? ಅವನು ಇಂಪಾರ್ಟೆಂಟ್ ಅಲ್ಲ. ಜಸ್ಟ್ ನಿಂತಿದಾನೆ."

"ಇರಲಿ. ದಿಲ್ಲ್ಯಾಗ ನಮ್ಮ ಅಜ್ಜನ್ನ ಯಾರೂ ನೋಡಲಿಲ್ಲ. ಇವನ್ನ ನಾ ನೋಡ್ತೀನಿ."

ಕ್ಯಾಮೆರಾ ಬೇರೆ ಕಡೆ ಹೊರಳುವ ತನಕ ಅವಳು ಮುಖ ಓರೆ ಮಾಡಿಕೊಂಡು ಅವನನ್ನೇ ನೋಡುತ್ತ ಕೂತಳು.