ಅಯ್ಯಮ್ಮನ ಕಾರಿಗೆ ಹತ್ತಿದ ನಡುಕ

ಗೊರೇಬಾಳದ ಅಯ್ಯಮ್ಮನದು ಕೇಳುವ ಸ್ವಭಾವ. ಯಾವುದನ್ನೂ ಕೇಳದೆ ಬಿಟ್ಟವಳಲ್ಲ. ಮಸ್ಕಿಯ ಆಚೆಗೊಂದು ಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲಿ ಅವಳು ನರ್ಸ್. ಜ್ವರ ಎಂದು ಬಂದವರ ಮೈ ಮುಟ್ಟಿ ನೋಡುವ ಮೊದಲೇ ಶುರು ಮಾಡುತ್ತಾಳೆ. ಚಳಿ ಮೊದಲು ಬಂತೋ, ಜ್ವರ ಮೊದಲೋ? ಮುಂಜಾನೆ ಹೆಚ್ಚೋ, ಸಂಜೆ ಹೆಚ್ಚೋ? ಮೊನ್ನೆ ಯಾವ ಊರಿಗೆ ಹೋಗಿದ್ದೆ, ಯಾರ ಮನೆಯಲ್ಲಿ ನೀರು ಕುಡಿದೆ?

"ಸಿಸ್ಟರ್, ಒಂದು ಗುಳಿಗಿ ಕೊಟ್ಟು ಕಳಸ್ರಿ. ಪೊಲೀಸ್ರೂ ಇಷ್ಟು ಕೇಳಂಗಿಲ್ಲ" ಎಂದು ಆ ಹಳ್ಳಿಯ ಗಂಡಸರು ಗೊಣಗುತ್ತಾರೆ. ಹೆಂಗಸರು ಗೊಣಗುವುದಿಲ್ಲ. ಎದುರಿಗೆ ಕೂರಿಸಿಕೊಂಡು ಅಷ್ಟು ಹೊತ್ತು ಅವರ ಮಾತು ಕೇಳುವವರು ಬೇರೆ ಯಾರಿದ್ದಾರೆ ಹೇಳಿ.

ಇಂಥ ಅಯ್ಯಮ್ಮ ಒಂದು ಹಳೆಯ ಕಾರು ಕೊಂಡಳು. ಬಿಳಿಯದು, ಲಿಂಗಸುಗೂರಿನ ಮಾಸ್ತರರೊಬ್ಬರು ಜೋಪಾನವಾಗಿ ಓಡಿಸಿದ್ದು. ಅವಳ ಗಂಡ ಶಿವರಾಜ ಸಿಂಧನೂರಿನ ಗೊಬ್ಬರದಂಗಡಿಯಲ್ಲಿ ಕೆಲಸ ಮಾಡುತ್ತಾನೆ. "ನಾ ಕಲೀತೀನಿ ತಡಿ, ದಿನಾ ನಿನ್ನ ಬಿಟ್ಟು ಬರ್ತೀನಿ" ಎಂದ.

"ಅಂದ್ರ ಇಷ್ಟು ದಿನ ಬಸ್ಸಿಗೆ ಕಾದೆ, ಇನ್ನು ನಿಮಗ ಕಾಯಬೇಕು. ಅಷ್ಟ ಫರಕು, ಹೌದಿಲ್ರಿ?"

ಅವಳೇ ಕಲಿತಳು. ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಕೈಚೀಲ ಹಿಡಿದು ನಿಂತೇ ಅರ್ಧ ಆಯುಷ್ಯ ಕಳೆದವಳಿಗೆ, ತಾನು ಎದ್ದ ಹೊತ್ತಿಗೆ ಹೊರಡುವ, ತಾನು ತಿರುಗಿಸಿದ ಕಡೆಗೆ ತಿರುಗುವ ಗಾಡಿ ಎಂದರೆ ಸಣ್ಣ ಮಾತಲ್ಲ. ಅತ್ತೆ ಸೂಗಮ್ಮ ಮೊದಲ ದಿನವೇ ಮುಂದಿನ ಸೀಟಿನಲ್ಲಿ ಕೂತು, ಕಿಟಕಿ ಇಳಿಸಿ, ಓಣಿಯಲ್ಲಿ ಕಂಡಕಂಡವರನ್ನೆಲ್ಲ ಹೆಸರು ಹಿಡಿದು ಕೂಗಿ ಮಾತಾಡಿಸಿಕೊಂಡು ಬಂದಳು.

ಕೆಲವು ತಿಂಗಳು ಎಲ್ಲ ಸುಸೂತ್ರ. ಆಮೇಲೆ ಒಂದು ದಿನ ಮಸ್ಕಿಯ ಹತ್ತಿರ ರಸ್ತೆಯ ಉಬ್ಬು ಬಂತೆಂದು ಬ್ರೇಕ್ ಒತ್ತಿದಳು ನೋಡಿ, ಸ್ಟೀರಿಂಗ್ ಗಡಗಡ ನಡುಗಿತು. ಪಾದದ ಕೆಳಗೆ ಪೆಡಲ್ ಮಿಡಿಯಿತು. ಗಾಡಿ ಪೂರ್ತಿ ನಿಂತ ಮೇಲೆ ಏನೂ ಇಲ್ಲ, ಸಂಭಾವಿತನಂತೆ ಸುಮ್ಮನೆ ನಿಂತಿತ್ತು. ಹೊರಟರೆ ನಡುಕವಿಲ್ಲ, ಓಡಿದರೆ ನಡುಕವಿಲ್ಲ. ನಿಲ್ಲಿಸಲು ಹೋದರೆ ಮಾತ್ರ ಚಳಿಜ್ವರ ಬಂದವರ ಹಾಗೆ ಮೈಯೆಲ್ಲ ಅದುರುತ್ತಿತ್ತು.

ಮನೆಯಲ್ಲಿ ಹೇಳಿದಳು. ಶಿವರಾಜ ನಕ್ಕ.

"ಗಾಡಿಗೆ ಏನೂ ಆಗಿಲ್ಲ, ನಿನ್ನ ಕಾಲಿಗೆ ಆಗೇತಿ. ಇಂಜೆಕ್ಷನ್ ಚುಚ್ಚಿದಂಗ ಬ್ರೇಕ್ ಚುಚ್ಚತೀ."

"ನಾ ಇಂಜೆಕ್ಷನ್ ಕೊಟ್ರ ಕೂಸು ಸೈತ ಅಳಂಗಿಲ್ಲ. ಊರಾಗ ಕೇಳ್ರಿ ಬೇಕಾದ್ರ."

ಅವಳ ಹಿಂದೆಯೇ ಅಷ್ಟಿಷ್ಟು ಓಡಿಸಲು ಕಲಿತಿದ್ದ ಶಿವರಾಜ ತಾನೇ ಓಡಿಸಿ ನೋಡಿದ. ಅವನ ಕಾಲಿಗೂ ಅದೇ ನಡುಕ. ಆಗ ಮಾತು ತಿರುಗಿಸಿದ: "ನೋಡು, ನಿನ್ನ ಕೈಯಾಗ ಸಿಕ್ಕು ಕೆಟ್ಟು ಹೋಗೇತಿ."

ಅಯ್ಯಮ್ಮ ಕಾರನ್ನು ಸಿಂಧನೂರಿನ ಮೆಕ್ಯಾನಿಕ್ ಜಿಲಾನಿಸಾಬನ ಗ್ಯಾರೇಜಿಗೆ ಒಯ್ದಳು. ಅವನದೂ ಒಂದು ಪದ್ಧತಿ. ಕೈಗೆ ನಟ್ ಬಿಚ್ಚುವ ಪಾನಾ ತೆಗೆದುಕೊಳ್ಳುವ ಮೊದಲು ಗಾಡಿಯ ಯಜಮಾನರನ್ನೇ ಓಡಿಸಲು ಹಚ್ಚಿ, ತಾನು ಪಕ್ಕದಲ್ಲಿ ಕಣ್ಣು ಮುಚ್ಚಿ ಕೂರುತ್ತಾನೆ. ಹಾಗೇ ಕೂತ. ಭತ್ತದ ಗದ್ದೆಗಳ ನಡುವಿನ ನೇರ ರಸ್ತೆಗೆ ಬಂದರು.

"ಅಕ್ಕಾರ, ಬ್ರೇಕ್ ಮುಟ್ಟಬ್ಯಾಡ್ರಿ. ಹಿಂಗ ಓಡಲಿ... ನಡುಕ ಐತೇನ್ರಿ?"

"ಇಲ್ರಿ."

"ಹಂಗಾದ್ರ ಟೈರಿಂದಲ್ಲ. ಟೈರಿಂದಾದ್ರ ಓಡೋವಾಗೂ ಅದರತಿತ್ತು. ಈಗ ಬ್ರೇಕ್ ಒತ್ರಿ, ಹಗೂರಕ."

ಸ್ಟೀರಿಂಗ್ ನಡುಗಿತು. ಜಿಲಾನಿಸಾಬ್ ಕಣ್ಣು ತೆರೆಯಲಿಲ್ಲ. "ನಡುಕ ಕೈಯಾಗ ಐತ್ಯೋ, ಕುಂತಲ್ಲಿ ಐತ್ಯೋ?"

ಅಯ್ಯಮ್ಮನಿಗೆ ಒಳಗೊಳಗೇ ಖುಷಿಯಾಯಿತು. ತಾನು ರೋಗಿಯನ್ನು ಕೇಳುವಂತೆಯೇ ಇವನೂ ಕೇಳುತ್ತಿದ್ದಾನಲ್ಲ! "ಕೈಯಾಗ ಭಾಳ. ಕುಂತಲ್ಲಿ ಅಷ್ಟೇನಿಲ್ರಿ."

ಹಿಂದೆ ಮುಂದೆ ಯಾರೂ ಇಲ್ಲವೆಂದು ನೋಡಿಕೊಂಡು, ಗಾಡಿ ನಿಧಾನವಾಗಿ ಹೋಗುತ್ತಿರುವಾಗ ಹ್ಯಾಂಡ್‌ಬ್ರೇಕನ್ನು ಅವನೇ ಮೆಲ್ಲಗೆ ಎಳೆದ. ಗಾಡಿ ಒಂಚೂರೂ ಅದುರದೆ ನಿಂತಿತು.

"ಹ್ಯಾಂಡ್‌ಬ್ರೇಕ್ ಹಿಡಿಯೋದು ಹಿಂದಿನ ಗಾಲಿನ. ಅವು ಚಲೋ ಅದಾವು. ಬ್ಯಾನಿ ಇರೋದು ಮುಂದಿನವಕ್ಕ" ಎಂದ. ಗ್ಯಾರೇಜಿಗೆ ಬಂದು ಗಾಲಿ ಬಿಚ್ಚಿ ತೋರಿಸಿದ. ಗಾಲಿಯ ಹಿಂದೆ ಊಟದ ತಾಟಿನಂಥ ಕಬ್ಬಿಣದ ಬಿಲ್ಲೆ, ಅದೇ ಡಿಸ್ಕ್. ಬ್ರೇಕ್ ಒತ್ತಿದರೆ ಎರಡು ಪ್ಯಾಡುಗಳು ಅದನ್ನು ಆಚೆ ಈಚೆಯಿಂದ ಅಮುಕಿ ಹಿಡಿಯುತ್ತವೆ. "ತಾಟು ಸಪಾಟ ಇದ್ರ ಪ್ಯಾಡು ಸುಮ್ಮನ ಹಿಡಿತಾವು. ಸೊಟ್ಟ ಆದ್ರ ಸುತ್ತು ಸುತ್ತಿಗೂ ಒಮ್ಮೆ ತಳ್ಳತೈತಿ. ಆ ತಳ್ಳಾಟ ನಿಮ್ಮ ಕೈಗೆ ಬರೋದು."

ಎರಡೂ ಕಡೆ ಹೊಸ ಡಿಸ್ಕ್, ಹೊಸ ಪ್ಯಾಡ್ ಹಾಕಿದ. ಗಾಡಿ ಬೆಣ್ಣೆಯ ಹಾಗೆ ನಿಂತಿತು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಕೆಲವು ವಾರ ಕಳೆಯುವಷ್ಟರಲ್ಲಿ ನಡುಕ ತಿರುಗಿ ಬಂತು, ಅದೇ ಕೈಗೆ, ಅದೇ ಕಾಲಿಗೆ.

ಈ ಸಲ ಶಿವರಾಜ ನಗಲಿಲ್ಲ. "ನೋಡು, ಇದು ರಿಪೇರಿಯಾಗೋ ಗಾಡಿಯಲ್ಲ. ಲಿಂಗಸುಗೂರಿನ ನನ್ನ ದೋಸ್ತ ಆದಪ್ಪ ಗಾಡಿ ಕೇಳಾಕತ್ತಾನ. ಬ್ರೇಕಿನ ಸಂಗತಿ ಹೇಳೀನಿ, ಇರಲಿ ತಗೋತೀನಿ ಅಂದಾನ. ಐತವಾರ ಬರ್ತಾನ, ಕೊಟ್ಟುಬಿಡೋಣು. ರಾತ್ರಿ ಹಗಲು ಒಬ್ಬಾಕಿ ಓಡಾಡ್ತಿ, ನಿಲ್ಲೂ ಹೊತ್ತಿನ್ಯಾಗ ನಿಲ್ಲದಿದ್ರ?"

ಅವನ ಮಾತಿನಲ್ಲಿ ಕುಹಕವಿರಲಿಲ್ಲ, ಭಯವಿತ್ತು. ಐತವಾರದೊಳಗೆ ನಡುಕದ ಮೂಲ ಸಿಕ್ಕರೆ ಸರಿ. ಸಿಗದಿದ್ದರೆ ಸೋಮವಾರ ಮತ್ತೆ ಬಸ್‌ಸ್ಟ್ಯಾಂಡು, ಮತ್ತೆ ಕೈಚೀಲ.

ಜಿಲಾನಿಸಾಬ್ ಗಾಲಿ ಬಿಚ್ಚಿ ನೋಡಿ ತಲೆ ಕೆರೆದುಕೊಂಡ. "ಹೊಸಾ ತಾಟು ರೀ ಅಕ್ಕಾರ! ನಾನ ಹಾಕೀನಿ. ತಾಟು ಕೂಡೋ ಜಾಗಾ ತಿಕ್ಕಿ ಹಸನ ಮಾಡಿ, ನಟ್ ಎಲ್ಲಾ ಒಂದ ಸಮ ಬಿಗದೀನಿ. ಸೊಟ್ಟ ಹೆಂಗಾಗ್ಯಾವ?" ತಾಟನ್ನು ಬೆಳಕಿಗೆ ಹಿಡಿದು ತಿರುಗಿಸಿದ. ಅಲ್ಲಲ್ಲಿ ನೀಲಿ ಮಚ್ಚೆಗಳಿದ್ದವು. "ಇಷ್ಟು ಕಾದ ಕಬ್ಬಿಣದ ಮ್ಯಾಲೆ ಒಮ್ಮೆಲೇ ತಣ್ಣೀರು ಬಿದ್ರ ಸೊಟ್ಟ ಆಗತೈತಿ. ಮಂದಿ ಟ್ರ್ಯಾಕ್ಟರ್ ತೊಳದಂಗ ಕಾಲುವಿಗೆ ಇಳಸ್ತೀರೇನ್ರಿ?"

"ಕಾಲುವಿ ದಂಡಿಗೂ ಒಯ್ದಿಲ್ರಿ."

"ಮಳಿಯಾಗ?"

"ಮಳಿ ಎಲ್ಲೈತ್ರಿ ಈಗ? ಬಿಸಿಲು ನೋಡ್ರಿ."

"ಹಂಗಾದ್ರ ನನಗೂ ತಿಳಿವಲ್ದು. ಲೇತ್ ಮಷೀನಿಗೆ ಹಾಕಿ ಸಪಾಟ ಮಾಡಿಸಿ ಕೊಡ್ತೀನಿ. ಆದ್ರ ನೀರು ಎಲ್ಲಿಂದ ಬರತೈತಿ ಗೊತ್ತಾಗೋಮಟಾ ಅದು ತಿರುಗಿ ಬರೋದ. ಯಾವಾಗಿಂದ ಶುರುವಾತು, ಅದನ್ನ ನೆನಪು ಮಾಡ್ಕೋರಿ."

ಡಿಸ್ಕ್ ಸಪಾಟು ಮಾಡಿಸುವುದು ಶನಿವಾರ ಎಂದಾಯಿತು. ನಡುಗುವ ಗಾಡಿಯಲ್ಲೇ ಎರಡು ದಿನ ಮೆಲ್ಲಗೆ ಓಡಾಡಿದಳು. ಯಾವಾಗಿಂದ? ಎಷ್ಟು ಜನರನ್ನು ಕೇಳಿದ ಪ್ರಶ್ನೆ, ಈಗ ಅವಳ ಪಾಲಿಗೇ ಬಂದಿತ್ತು. ಮೊದಮೊದಲು ಕಾರು ನಿಲ್ಲುತ್ತಿದ್ದದ್ದು ಓಣಿಯ ತುದಿಯಲ್ಲಿ. ಆಮೇಲೆ ಶಿವರಾಜ ಮನೆಯ ಮುಂದೆ ತಗಡಿನ ಚಪ್ಪರ ಹಾಕಿಸಿದ. ಹಿಂದೆ ಎತ್ತು ಕಟ್ಟುತ್ತಿದ್ದ ಜಾಗ ಅದು. ನಡುಕ ಬಂದದ್ದು ಚಪ್ಪರ ಹಾಕಿದ ಮೇಲೆಯೇ. ಆದರೆ ಚಪ್ಪರಕ್ಕೂ ಬ್ರೇಕಿಗೂ ಏನು ಸಂಬಂಧ? ಮನೆ ಮುಂದಿನ ನೆಲ ಯಾವಾಗಲೂ ಹಸಿಯಾಗಿರುತ್ತದೆ, ನಿಜ. ಅದು ಅತ್ತೆ ದೂಳು ಏಳದಂತೆ ಚಿಮುಕಿಸುವ ನೀರು. ನೆಲದ ಹಸಿ ಗಾಲಿಯೊಳಕ್ಕೆ ಹಾರುತ್ತದೆಯೇ? ತಲೆ ಕೊಡವಿಕೊಂಡಳು.

ಶುಕ್ರವಾರ ಸಂಜೆ ಮಸ್ಕಿ ದಾಟಿದ ಮೇಲೆ ದಾರಿಯುದ್ದಕ್ಕೂ ಭತ್ತದ ಲಾರಿಗಳು. ಒತ್ತಿ ಬಿಟ್ಟು ಒತ್ತಿ ಬಿಟ್ಟು ಕಾಲು ಸೋತಿತು. ಚಪ್ಪರದಡಿ ಕಾರು ನಿಲ್ಲಿಸಿ, ದಿನದ ರೂಢಿಯಂತೆ ನೇರವಾಗಿ ಹಿತ್ತಲ ಬಚ್ಚಲಿಗೆ ನಡೆದಳು. ದವಾಖಾನೆಯ ಸೀರೆ ಬದಲಿಸಿ ಕೈಕಾಲು ತೊಳೆಯದೆ ಯಾರೊಂದಿಗೂ ಮಾತಿಲ್ಲ, ನೀರೂ ಇಲ್ಲ. ಅಂದು ಮಾತ್ರ ಬಚ್ಚಲ ಬಾಗಿಲಲ್ಲಿ ಫೋನಿನ ನೆನಪಾಯಿತು. ಕಾರಿನಲ್ಲೇ ಉಳಿದಿತ್ತು. ತಿರುಗಿ ಬಂದಳು.

ಮುಂಬಾಗಿಲಿಗೆ ಬರುವಷ್ಟರಲ್ಲಿ "ಚುಂಯ್" ಎಂದು ಸದ್ದು. ಒಗ್ಗರಣೆಗೆ ನೀರು ಬಿದ್ದ ಹಾಗೆ.

ಸೂಗಮ್ಮ ಕೊಡ ಹಿಡಿದು ಕಾರಿನ ಮೂತಿಯ ಹತ್ತಿರ ಬಾಗಿದ್ದಳು. ಒಂದು ಮುಂದಿನ ಗಾಲಿಯಿಂದ ಬಿಳಿ ಹಬೆ ಏಳುತ್ತಿತ್ತು. ಇನ್ನೊಂದಕ್ಕೆ ನೀರು ಸುರಿಯುತ್ತ ಅವಳು ಮಾತಾಡುತ್ತಿದ್ದಳು: "ಸಾಕಾಗೇತಿ ಹೌದಿಲ್ಲೋ ನನ ಮಗನ? ಎಷ್ಟು ದೂರಿಂದ ಬಂದೀಯೋ ಏನೋ. ತಗೋ, ಕಾಲಿಗೆ ನೀರು ತಗೋ."

ಸೂಗಮ್ಮ ಗುರುಗುಂಟಾದ ಮಗಳು. ಬೆದ್ದಲು ಹೊಲ, ದನಕರು, ಇವುಗಳ ನಡುವೆ ಬೆಳೆದವಳು. ದೂರದಿಂದ ಬಂದವರಿಗೆ ಬಾಗಿಲಲ್ಲೇ ಕಾಲಿಗೆ ನೀರು ಕೊಡಬೇಕು. ಬಂಡಿ ಹೊಡೆದು ಬಂದ ಎತ್ತಾದರೂ ಅಷ್ಟೇ. ಅದು ಅವಳಿಗೆ ಯಾರೂ ಕಲಿಸಿದ್ದಲ್ಲ, ಮೈಗೆ ಬಂದದ್ದು. ಎತ್ತಿನ ಜಾಗಕ್ಕೆ ಕಾರು ಬಂದು ನಿಂತ ದಿನದಿಂದ ಅದಕ್ಕೂ ಮುಂಗಾಲಿಗೆ ನೀರು ಕೊಡುತ್ತಿದ್ದಳು.

ಅಯ್ಯಮ್ಮ ಹೊಸ್ತಿಲಲ್ಲೇ ನಿಂತಳು. ಒಂದು ಕಡೆ, ಸಿಕ್ಕಿತಲ್ಲ ಎಂದು ಕುಣಿಯುವಷ್ಟು ಆನಂದ. ಇನ್ನೊಂದು ಕಡೆ ಸಂಕಟ. ನೀವೇ ಕೆಡಿಸಿದ್ದು ಎಂದು ಹೇಗೆ ಹೇಳುವುದು? ಸೊಸೆ ಗಾಡಿ ಓಡಿಸುತ್ತಾಳೆಂದು ಊರೆಲ್ಲ ಹೇಳಿಕೊಂಡು ತಿರುಗುವ ಜೀವ ಅದು. ಶಿವರಾಜನ ಕಿವಿಗೆ ಬಿದ್ದರಂತೂ ವರ್ಷವಿಡೀ ಅವ್ವನನ್ನು ಕಾಡಿಸುತ್ತಾನೆ. ಹೇಳದಿದ್ದರೆ ಕಾರು ಹೋಗುತ್ತದೆ.

ಕೊನೆಗೆ ತನಗೆ ಬರುವ ಕೆಲಸವನ್ನೇ ಮಾಡಿದಳು. ಕೇಳಿದಳು.

"ಅತ್ತಿ, ನಿಮ್ಮ ತವರುಮನ್ಯಾಗ ಎತ್ತು ಓಡಿ ಬಂದ ಕೂಡ್ಲೆ ನೀರು ಹಾಕ್ತಿದ್ರೇನು?"

"ಹುಚ್ಚಿ ಅದೀ ಏನಬೇ? ಬೆವತು ಬಂದ ಎತ್ತಿಗೆ ಯಾರಾರ ಒಮ್ಮೆಲೇ ನೀರು ಹಾಕ್ತಾರಾ? ಕಾಲು ಹಿಡಕೋತಾವು. ಮೊದಲ ನೆರಳಾಗ ಬಿಡಬೇಕು, ದಮ್ಮು ಆರಬೇಕು, ಆಮ್ಯಾಲೆ ನೀರು."

"ಹಂಗಾದ್ರ ಇದರ ಗಾಲಿ ಹಂತ್ಯಾಕ ಕೈ ಒಯ್ದು ನೋಡ್ರಿ. ಮುಟ್ಟಬ್ಯಾಡ್ರಿ ಮತ್ತ, ಸುಡತೈತಿ."

ಸೂಗಮ್ಮ ಕೊಡ ಕೆಳಗಿಟ್ಟು, ನೀರು ಬೀಳದೆ ಉಳಿದಿದ್ದ ಕಡೆ ಅಂಗೈ ಒಡ್ಡಿದಳು. ಝಳ ಬಡಿಯಿತು. ಕೈ ಹಿಂದೆಗೆದು ಗಾಲಿಯನ್ನೂ ಹಬೆಯನ್ನೂ ಸೊಸೆಯ ಮುಖವನ್ನೂ ನೋಡಿದಳು. ಬಿಡಿಸಿ ಹೇಳಬೇಕಾಗಲಿಲ್ಲ.

"ಅಯ್ ಶಿವನ! ಇಷ್ಟು ಕಾದಿರತೈತೇನಬೇ ಇದು?" ಎಂದಳು. ಸಿಟ್ಟಿನಿಂದಲೇ ಎಂಬಂತೆ ಸೇರಿಸಿದಳು: "ಎತ್ತಿಗೆ ಆದ್ರ ಬೆವರು ಕಾಣತೈತಿ, ದಮ್ಮು ಕೇಳಸತೈತಿ. ಈ ಮೂಕಗ ಬೆವರೂ ಇಲ್ಲ ಏನೂ ಇಲ್ಲ. ನನಗ ಹೆಂಗ ತಿಳೀಬೇಕು?"

"ನನಗೂ ತಿಳದಿರಲಿಲ್ಲತ್ತಿ. ಸಾಬಗೂ ತಿಳದಿರಲಿಲ್ಲ."

ಶಿವರಾಜ ಬಂದಾಗ ಅಯ್ಯಮ್ಮ ಬಾಯಿ ತೆರೆಯುವ ಮೊದಲೇ ಸೂಗಮ್ಮ ಎದುರಿಗೆ ಹೋದಳು. "ಏ ಶಿವ್ಯಾ, ನಿನ್ನ ಗಾಡಿ ಬ್ಯಾನಿ ನಾ ಕಂಡುಹಿಡದೀನಿ ನೋಡು. ನೀರು ಹಾಕಾಕಿ ನಾನ, ಕಂಡುಹಿಡದಾಕಿನೂ ನಾನ. ಮಾರತೀನಿ ಗೀರತೀನಿ ಅಂದ್ರ ಸುಮ್ಮನಿರಂಗಿಲ್ಲ."

ಶಿವರಾಜ ಎಲ್ಲ ಕೇಳಿ ಹೊಟ್ಟೆ ಹಿಡಿದು ನಕ್ಕ. ಆದರೆ ಆದಪ್ಪನಿಗೆ ಬೇಡ ಎನ್ನಲಿಲ್ಲ. ಐತವಾರ ಬರಬೇಡ, ಒಂದು ತಿಂಗಳು ತಡಿ ಎಂದಷ್ಟೇ ಫೋನ್ ಮಾಡಿದ. ನಡುಕ ತಿರುಗಿ ಬರುವುದಿಲ್ಲವೆಂದು ಶಿವರಾಜನಿಗೂ ಕಣ್ಣಾರೆ ಕಾಣಬೇಕಿತ್ತು. ಶನಿವಾರ ಜಿಲಾನಿಸಾಬ್ ಡಿಸ್ಕುಗಳನ್ನು ಲೇತಿನಲ್ಲಿ ಸಪಾಟು ಮಾಡಿಸಿ ಹಾಕಿಕೊಟ್ಟ. ನೀರಿನ ಸಂಗತಿ ಕೇಳಿ, "ದೊಡ್ಡಮ್ಮಗ ನನ್ನ ಸಲಾಂ ಹೇಳ್ರಿ. ಇಷ್ಟು ವರ್ಷದಾಗ ಕಾರಿಗೆ ಕಾಲ್ನೀರು ಕೊಟ್ಟೋರನ್ನ ನಾ ಕೇಳಿದ್ದಿಲ್ಲ" ಎಂದ.

ಅಂದಿನಿಂದ ಕಾರು ಬಂದರೆ ಸೂಗಮ್ಮ ಕೊಡ ಮುಟ್ಟುವುದಿಲ್ಲ. ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾಳೆ. ಜಗಿದು ಮುಗಿದ ಮೇಲೆ ಎದ್ದು, ಗಾಲಿಯ ಹತ್ತಿರ ಅಂಗೈ ಒಡ್ಡಿ ನೋಡುತ್ತಾಳೆ. ತಣ್ಣಗಾಗಿದೆ ಎನಿಸಿದರೆ ಮಾತ್ರ ನೀರು. ಓಣಿಯ ಹುಡುಗಿಯರು ನಗುತ್ತಾರೆ, ಅವಳು ಲೆಕ್ಕಕ್ಕಿಡುವುದಿಲ್ಲ.

ತಿಂಗಳು ಮುಗಿದ ಮೇಲೆ ಗುರುಗುಂಟಾಕ್ಕೆ ಹೊರಟರು. ಸೂಗಮ್ಮನ ತಮ್ಮನ ಮನೆಯಲ್ಲಿ ಕೂಸಿಗೆ ಹೆಸರಿಡುವುದಿತ್ತು. ಸೂಗಮ್ಮ ಮುಂದೆ, ತೊಡೆಯ ಮೇಲೆ ಕೂಸಿಗೆಂದು ಹೊಲಿದ ಕುಲಾಯಿ ಟೊಪ್ಪಿಗೆಯ ಗಂಟು, ಶಿವರಾಜ ಹಿಂದೆ. ಮಸ್ಕಿಯ ಉಬ್ಬುಗಳು ಬಂದವು, ಹೋದವು. ಶಿವರಾಜ ಮುಂದಿನ ಸೀಟಿನ ಬೆನ್ನು ಹಿಡಿದು ಅದುರುತ್ತದೆಯೋ ಎಂದು ಪ್ರತಿ ಸಲ ಕಾದ. ಲಿಂಗಸುಗೂರಿನಲ್ಲಿ ಆದಪ್ಪ ರಸ್ತೆಯ ಪಕ್ಕ ನಿಂತು ಕೈ ಬೀಸುತ್ತಿದ್ದ. ಅಯ್ಯಮ್ಮ ಬ್ರೇಕ್ ಒತ್ತಿದಳು.

ಸೂಗಮ್ಮ ಮಾತಾಡುತ್ತಲೇ ಇದ್ದಳು, ತಮ್ಮನ ಹೆಂಡತಿಯ ಕೈಯ ಹೋಳಿಗೆಯ ಬಗ್ಗೆ. ನಡುವೆ ಕಿಟಕಿಯಲ್ಲಿ ಆದಪ್ಪನ ಮುಖ ಕಂಡು ಬೆಚ್ಚಿದಳು.

"ಯಾರಪಾ ಇಂವ, ಓಡೋ ಗಾಡ್ಯಾಗ ಮುಖ ಹಾಕ್ತಾನ?"

"ನಿಂತೈತ್ರಿ ಅತ್ತಿ."

"ನಿಂತೇತಾ? ಯಾವಾಗ ನಿಂತಿತು?"

ಹಿಂದೆ ಕೂತ ಶಿವರಾಜ ಸೀಟು ಹಿಡಿದಿದ್ದ ಕೈ ಬಿಟ್ಟ.

ಆದಪ್ಪ ಒಳಗೆ ಇಣುಕಿ, "ಏನ್ ಶಿವರಾಜ, ತಿಂಗಳಾತು. ಗಾಡಿ ಕೊಡತೀಯೋ ಇಲ್ಲೋ?" ಎಂದ.

"ನನ್ನ ಯಾಕ ಕೇಳ್ತಿ? ಗಾಡಿ ಆಕಿದು, ಆಕಿನ್ನ ಕೇಳು."

ಅಯ್ಯಮ್ಮ ಸ್ಟೀರಿಂಗ್ ಮೇಲಿನ ಕೈ ತೆಗೆಯಲಿಲ್ಲ. "ಕೊಡಂಗಿಲ್ಲಣ್ಣ. ಹೆಸರಿಡೋ ಕಾರ್ಯಕ್ಕ ಹೊಂಟೀವಿ. ಹೋಳಿಗಿ ಉಣ್ಣೋದಿದ್ರ ಹಿಂದ ಹತ್ತು."

ಆದಪ್ಪ ಒಂದು ಗಳಿಗೆ ಯೋಚಿಸಿ, ಬಾಗಿಲು ತೆಗೆದು ಹತ್ತಿ ಕೂತ.